ಮುಂಬಯಿಯಲ್ಲಿ ಬಿಡಾರ

ಪರಸ್ಥಳಕ್ಕೆ ನಾಲ್ಕು ದಿನಗಳ ಮಟ್ಟಿಗೆ ಹೋಗಿ ಬರಬೇಕೆಂದು ಸಂಕಲ್ಪಿಸುವ ಗೃಹಸ್ಥನು ಮೊದಲು ವಿಚಾರಿಸುವುದು ಅಲ್ಲಿ ನೋಡತಕ್ಕವು ಯಾವುವೆಂಬುದನ್ನು. ಅನಂತರ ರೈಲಿನ ವೇಳೆಯನ್ನು. ಕಟ್ಟಕಡೆಗೆ, ಹೊರಡಲು ಎರಡು ದಿನ ಉಳಿದಿರುವಾಗ, ಇಳಿದುಕೊಳ್ಳುವುದೆಲ್ಲಿ ಎಂಬುದನ್ನು. ನಾವೂ ಬಹುಕಾಲ ಈ ಕ್ರಮವನ್ನೇ ಅನುಸರಿಸಿದವರು. ಊರು ಚಿಕ್ಕದಾದರೆ ಇದರಿಂದ ಹೆಚ್ಚಿನ ಬಾಧಕವಿಲ್ಲ. ಉಡುಪಿಯಲ್ಲಿ ರಥಬೀದಿಯ ಬಳಿ ಇಳಿದರೇನು, ಬಸ್ಸು ನಿಲ್ದಾಣದ ಬಳಿ ಇಳಿದರೇನು, ಸ್ವಲ್ಪ ಹೊತ್ತು ನಡೆದರೆ ತೀರಿತು. ಮುಂಬಯಿಯಂಥ ಮಹಾನಗರದಲ್ಲಿ ಹಾಗಲ್ಲ. ಅಲ್ಲಿ ಬಿಡಾರದ ಆಯ್ಕೆ ಕೆಟ್ಟಿತೆಂದರೆ ಪ್ರವಾಸವೇ ಕೆಟ್ಟಂತೆ. ಈ ಪಾಠವನ್ನು ನಾವು ಹಣ ತೆತ್ತು ಕಲಿತೆವು.

2018ನೆಯ ಇಸವಿಯ ಮಾತು. ಹೆಂಡತಿ ಮತ್ತು ಆಗ ಐದು ವರ್ಷದವಳಾಗಿದ್ದ ಮಗಳೊಡನೆ ಮೂರು ದಿನಗಳಿಗೆಂದು ಮುಂಬಯಿಗೆ ಹೋದೆವು. ಮೊಬೈಲಿನಲ್ಲಿ ಕಂಡ ಚಿತ್ರಕ್ಕೆ ಮರುಳಾಗಿ, ವಿಮಾನ ನಿಲ್ದಾಣಕ್ಕೆ ಸಮೀಪವಾದ ಅಂಧೇರಿಯ ಪೂರ್ವಭಾಗದಲ್ಲಿ ಒಂದು ವಸತಿಗೃಹದ ಕೊಠಡಿಯನ್ನು ಗೊತ್ತು ಮಾಡಿದೆವು. ಬಾಡಿಗೆ ಅಗ್ಗ, ಹಾಸಿಗೆ ಶುಭ್ರ, ಬಿಸಿನೀರು ಯಥೇಚ್ಛ. ಕೊಠಡಿಯ ಮಟ್ಟಿಗೆ ದೂರುವುದಕ್ಕೆ ಏನೂ ಇರಲಿಲ್ಲ. ಆದರೆ ನಾವು ನೋಡಬೇಕೆಂದಿದ್ದುದೆಲ್ಲವೂ ನಗರದ ದಕ್ಷಿಣ ತುದಿಯಲ್ಲಿತ್ತು. ಅಂಧೇರಿಯಿಂದ ಚರ್ಚ್‌ಗೇಟಿಗೆ ಸುಮಾರು 22 ಕಿಲೋಮೀಟರು. ಮೊದಲನೆಯ ದಿನ ನಾವು ಹೊರಟದ್ದು ಬೆಳಿಗ್ಗೆ ಒಂಬತ್ತು ಗಂಟೆಗೆ, ಅಂದರೆ ಉಪನಗರಗಳಿಗೆ ಉಪನಗರಗಳೇ ದಕ್ಷಿಣದ ಕಚೇರಿಗಳಿಗೆ ಧಾವಿಸುವ ಗಳಿಗೆಯಲ್ಲಿ. ಮೂರು ಗಾಡಿಗಳನ್ನು ಬಿಟ್ಟು ನಾಲ್ಕನೆಯದಕ್ಕೆ ಹತ್ತಿದೆವು. ಹತ್ತಿದೆವೆನ್ನುವುದಕ್ಕಿಂತ ಜನರು ನಮ್ಮನ್ನು ಹತ್ತಿಸಿದರೆನ್ನುವುದು ಸರಿಯಾದೀತು. ತಾಯಿ ಮಗಳು ಹೆಂಗಸರ ಡಬ್ಬಿಯಲ್ಲಿ, ನಾವೊಬ್ಬರು ಬೇರೊಂದರಲ್ಲಿ. ಚರ್ಚ್‌ಗೇಟಿನಲ್ಲಿ ಇಳಿದಾಗ ಮಗಳ ಒಂದು ಕಾಲಿನಲ್ಲಿ ಚಪ್ಪಲಿಯಿರಲಿಲ್ಲ. ಸಂಜೆ ಹಿಂದಿರುಗುವಾಗ ಅದೇ ಪ್ರವಾಹ ಉತ್ತರಾಭಿಮುಖವಾಗಿ ಹರಿಯುತ್ತಿತ್ತು. ಪುನಃ ಅದರ ನಡುವೆಯೇ ನಾವು. ಎರಡನೆಯ ದಿನ ಮಗಳು ರೈಲೇ ಬೇಡವೆಂದು ಅತ್ತಳು. ಆ ದಿನವನ್ನು ಶುಭ್ರವಾದ ಹಾಸಿಗೆಯ ಮೇಲೆ ಕುಳಿತು ಕಳೆದೆವು.

ಮುಂಬಯಿಯ ಮಾತನ್ನು ಮನೆಯಲ್ಲಿ ಮತ್ತೆ ಎತ್ತಿದವರು ನಮ್ಮ ತಾಯಿಯವರು. ಅವರಿಗೆ ಈಗ ಎಪ್ಪತ್ತೆಂಟು ವರ್ಷ. ನಮ್ಮ ತಂದೆಯವರು 1952ರಲ್ಲಿ, ತಮ್ಮ ಹದಿನಾಲ್ಕನೆಯ ವಯಸ್ಸಿನಲ್ಲಿ, ಕುಂದಾಪುರದ ಕಡೆಯ ಹಳ್ಳಿಯಿಂದ ಘಟ್ಟ ಹತ್ತಿ, ಹುಬ್ಬಳ್ಳಿಯಲ್ಲಿ ರೈಲು ಹಿಡಿದು ಮುಂಬಯಿ ಸೇರಿದವರು. ಮಾಟುಂಗದ ಒಂದು ಹೋಟೆಲಿನಲ್ಲಿ ಲೋಟ ತೊಳೆಯುವುದರಿಂದ ಮೊದಲುಮಾಡಿ, ರುಬ್ಬುವ ಕಲ್ಲಿಗೆ ಬಂದು, ಕೊನೆಗೆ ಗಲ್ಲಾದ ಮೇಲೆ ಕುಳಿತರು. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಕನ್ನಡದ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತು ಮುಂದೆ ಬಂದ ನಮ್ಮ ಕರಾವಳಿಯ ಹುಡುಗರ ಸಂಖ್ಯೆ ಸಣ್ಣದಲ್ಲ, ತಂದೆಯವರೂ ಅವರಲ್ಲೊಬ್ಬರು. 1966ರಲ್ಲಿ ಊರಿಗೆ ಬಂದು ಮದುವೆಯಾದ ಮೇಲೆ ಅವರು ಮತ್ತೆ ಅತ್ತ ಹೋಗಲಿಲ್ಲ. ಆದರೆ ಮಾಟುಂಗದ ಮಾತು ಅವರ ಬಾಯಿಂದ ಹೋಗಲಿಲ್ಲ. ಹೂವಿನ ಅಂಗಡಿಗಳ ಸಾಲು, ಎದುರಿಗೆ ಹೋಟೆಲು, ಅದರ ಮಾಳಿಗೆಯಲ್ಲಿ ರಸ್ತೆಯ ಕಡೆಗೆ ಕಿಟಕಿಯಿದ್ದ ಕೊಠಡಿ, ಅಲ್ಲಿ ತಮ್ಮ ಚಾಪೆ: ಇದೆಲ್ಲ ನಮಗೂ ಬಾಯಿಪಾಠವಾಗಿತ್ತು. ಅವರು ತೀರಿಕೊಂಡು ಆರು ವರ್ಷಗಳಾದುವು.

“ಅಮ್ಮ, ಮುಂಬಯಿಗೆ ಹೋದಾಗ ಒಂದು ಗಳಿಗೆ ಮಾಟುಂಗಕ್ಕೂ ಹೋಗಿ ನೋಡಿಕೊಂಡು ಬರೋಣ” ಎಂದೆವು.

“ನೋಡಿ ಬರುವುದಲ್ಲ ಮಗಾ. ನಿನ್ನ ಅಪ್ಪಯ್ಯ ಹದಿನಾಲ್ಕು ವರ್ಷ ಮಲಗಿ ಎದ್ದ ಜಾಗ ಅದು. ಅಲ್ಲಿ ಒಂದು ರಾತ್ರಿ ಮಲಗಿ ಏಳಬೇಕು” ಎಂದರು ತಾಯಿಯವರು.

ಮನೆಯಾಕೆಗೆ ಸಮುದ್ರದ ಬದಿಯಲ್ಲಿ ಇಳಿದುಕೊಳ್ಳಬೇಕೆಂಬ ಆಸೆ ಅಂಧೇರಿಯ ಅನುಭವವಾದಂದಿನಿಂದಲೂ ಇತ್ತು. ಮಗಳಿಗೂ ಅದೇ. ಬೆಳಿಗ್ಗೆ ಕಿಟಕಿ ತೆರೆದರೆ ಅಲೆ ಕಾಣಬೇಕು, ರೈಲಿನ ಗೊಡವೆ ಇರಬಾರದು. ಇಬ್ಬರ ಮಾತಿನಲ್ಲಿಯೂ ನ್ಯಾಯವಿತ್ತು. ಆದ್ದರಿಂದ ಈ ಸಲ ನಾವು ನಕ್ಷೆಯನ್ನು ಹರಡಿಕೊಂಡು ಕ್ರಮವಾಗಿ ಯೋಚಿಸಲು ಕುಳಿತೆವು. ಆ ಯೋಚನೆಯ ಸಾರ ಸಂಸಾರ ಸಮೇತರಾಗಿ ಹೋಗುವ ವಾಚಕರಿಗೂ ಪ್ರಯೋಜನಕ್ಕೆ ಬಂದೀತು.

ಮುಂಬಯಿಯು ಏಳು ನಡುಗಡ್ಡೆಗಳನ್ನು ಬೆಸೆದು ಮಾಡಿದ ಊರು. ಉತ್ತರದಿಂದ ದಕ್ಷಿಣಕ್ಕೆ ಬೆರಳಿನಂತೆ ನೀಳವಾಗಿ ಚಾಚಿದೆ; ಅಗಲ ಕಡಿಮೆ. ಆದಕಾರಣ ಅಲ್ಲಿಯ ಜನಜೀವನವೆಲ್ಲ ಉದ್ದುದ್ದವಾಗಿ ಓಡುವ ರೈಲು ದಾರಿಗಳನ್ನು ಹಿಡಿದಿದೆ. ಪಶ್ಚಿಮದ ದಾರಿ ಚರ್ಚ್‌ಗೇಟಿನಿಂದ. ಮಧ್ಯದ ದಾರಿಯೂ ಬಂದರಿನ ದಾರಿಯೂ ಹಿಂದೆ ಬೋರಿಬಂದರವೆನಿಸಿದ್ದ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್‌ನಿಂದ. 1853ರ ಏಪ್ರಿಲ್ 16ರಂದು ಭಾರತದ ಮೊದಲ ಪ್ರಯಾಣಿಕರ ಗಾಡಿ ಠಾಣೆಗೆ ಹೊರಟದ್ದು ಆ ಬೋರಿಬಂದರದಿಂದಲೇ. ಬೆಳಿಗ್ಗೆ ಜನ ದಕ್ಷಿಣಕ್ಕೆ ಇಳಿಯುತ್ತಾರೆ, ಸಂಜೆ ಉತ್ತರಕ್ಕೆ ಏರುತ್ತಾರೆ. ಈ ಒಂದು ಸಂಗತಿಯನ್ನು ತಿಳಿದವನು ಅರ್ಧ ಮುಂಬಯಿಯನ್ನು ತಿಳಿದಂತೆ. ಬಿಡಾರವನ್ನು ಹುಡುಕುವವನು ದೂರವನ್ನು ಮೈಲಿಯಲ್ಲಿ ಅಳೆಯಬಾರದು. ತಾನು ಯಾವ ಹೊತ್ತಿಗೆ ಯಾವ ದಿಕ್ಕಿಗೆ ಹೋಗಬೇಕು ಎಂಬುದರಿಂದ ಅಳೆಯಬೇಕು.

ಕೋಟೆ ಪ್ರದೇಶ, ಅಂದರೆ ಫೋರ್ಟ್, ನೋಡತಕ್ಕವುಗಳಿಗೆ ಅತಿ ಸಮೀಪ. ವಿದ್ಯಾಪೀಠದ ಗೋಪುರ, ವಸ್ತುಸಂಗ್ರಹಾಲಯ, 1924ರಲ್ಲಿ ಪೂರ್ತಿಯಾದ ಗೇಟ್‌ವೇ, ಎಲ್ಲವೂ ನಡೆಯುವಷ್ಟು ದೂರದಲ್ಲಿವೆ. ಹಗಲಿನಲ್ಲಿ ಅದಕ್ಕಿಂತ ಅನುಕೂಲವಾದ ಸ್ಥಳವಿಲ್ಲ. ಆದರೆ ಅದು ಕಚೇರಿಗಳ ಕೇರಿ. ಹೊತ್ತು ಮುಳುಗಿತೆಂದರೆ ಬೀದಿ ಬರಿದು. ಭಾನುವಾರವಂತೂ ಬೆಕ್ಕುಗಳೂ ಪಾರಿವಾಳಗಳೂ ಆಳುತ್ತವೆ. ರಾತ್ರಿ ಎಂಟಕ್ಕೆ ವಯಸ್ಸಾದವರಿಗೆ ಒಂದು ಹಿಡಿ ಮೊಸರನ್ನ ಬೇಕೆಂದರೆ ಹುಡುಕಾಡಬೇಕು. ಅದರ ದಕ್ಷಿಣಕ್ಕಿರುವ ಕೊಲಾಬಾ ರಾತ್ರಿಯೂ ಎಚ್ಚರವಾಗಿರುತ್ತದೆ, ಆದರೆ ಅಲ್ಲಿ ಕಡಲು ಕಾಣುವ ಕೊಠಡಿಯ ಬಾಡಿಗೆ ನಮ್ಮಂಥವರ ಕೈಗೆಟುಕದು. ಕೈಗೆಟುಕುವ ಕೊಠಡಿಯಿಂದ ಕಾಣುವುದು ಪಕ್ಕದ ಮನೆಯ ಗೋಡೆ.

ಗಿರಗಾಂವ ನಮಗೆ ಮೆಚ್ಚಿಕೆಯಾಯಿತು. ಹಳೆಯ ವಾಡಿಗಳು, ಸಂಸಾರಿಗರ ಬೀದಿಗಳು, ಮರಾಠಿ ಗುಜರಾತಿ ಊಟದ ಮನೆಗಳು, ಹತ್ತಿರದಲ್ಲಿಯೇ ಚೌಪಾಟಿಯ ಮರಳು. ಪಶ್ಚಿಮದ ದಾರಿಯ ಚರ್ನಿ ರೋಡ್ ನಿಲ್ದಾಣ ಬಳಿಯಲ್ಲಿದೆ. ತಾಯಿಯವರ ಮಾತಿಲ್ಲದಿದ್ದರೆ ನಾವು ಅಲ್ಲಿಯೇ ಇಳಿಯುತ್ತಿದ್ದೆವೆಂಬುದರಲ್ಲಿ ಸಂದೇಹವಿಲ್ಲ. ಉತ್ತರದ ಉಪನಗರಗಳ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ.

ಹೀಗೆ ಚರ್ಚೆ ನಡೆದು ಕಡೆಗೆ ಒಂದು ರಾಜಿಯಾಯಿತು: ಎರಡು ರಾತ್ರಿ ಮಾಟುಂಗದಲ್ಲಿ, ಮೂರನೆಯದು ಗಿರಗಾಂವದಲ್ಲಿ. ಎರಡು ಕಡೆಗೂ ಮುಂಗಡ ಕಳುಹಿಸಿದೆವು. ನಾಲ್ಕು ದಿನಗಳ ಪ್ರವಾಸದಲ್ಲಿ ಬಿಡಾರವನ್ನು ಬದಲಿಸುವುದು ಜಾಣತನವಲ್ಲ. ಗಂಟು ಕಟ್ಟಿ ಬಿಚ್ಚುವುದರಲ್ಲೇ ಅರ್ಧ ದಿನ ಹೋಗುತ್ತದೆ. ಅದನ್ನು ತಿಳಿದೂ ಒಪ್ಪಿದೆವು. ಮನೆಯೊಳಗಿನ ಶಾಂತಿಗೆ ಅರ್ಧ ದಿನ ಹೆಚ್ಚಿನ ಬೆಲೆಯೇನಲ್ಲ.

2025ರ ಡಿಸೆಂಬರಿನ ಒಂದು ಶುಕ್ರವಾರ ಕುಂದಾಪುರದಲ್ಲಿ ಮತ್ಸ್ಯಗಂಧಾ ಗಾಡಿಯನ್ನು ಹತ್ತಿದೆವು. ತಂದೆಯವರ ಕಾಲದಲ್ಲಿ ಈ ದಾರಿಯೇ ಇರಲಿಲ್ಲ. ಕೊಂಕಣ ರೈಲು ಪೂರ್ತಿಯಾಗಿ ತೆರೆದದ್ದು 1998ರಲ್ಲಿ. ಮರುದಿನ ಬೆಳಿಗ್ಗೆ ಕುರ್ಲಾದ ಬಳಿಯ ಲೋಕಮಾನ್ಯ ತಿಲಕ ಟರ್ಮಿನಸ್‌ನಲ್ಲಿ ಇಳಿದು ಟ್ಯಾಕ್ಸಿ ಹಿಡಿದೆವು. ಆಟೋರಿಕ್ಷಾಗಳು ಉತ್ತರದ ಉಪನಗರಗಳಲ್ಲಿ ಮಾತ್ರ ಓಡುತ್ತವೆ. ಪೂರ್ವದಲ್ಲಿ ಸಯನ್, ಪಶ್ಚಿಮದಲ್ಲಿ ಬಾಂದ್ರಾ ದಾಟಿ ದಕ್ಷಿಣಕ್ಕೆ ಅವುಗಳಿಗೆ ಪ್ರವೇಶವಿಲ್ಲ. ಮಾಟುಂಗ ಆ ಗೆರೆಯಿಂದ ದಕ್ಷಿಣಕ್ಕಿದೆ. ಇದನ್ನರಿಯದೆ ರಿಕ್ಷಾ ಹುಡುಕುತ್ತ ನಿಲ್ಲುವವರನ್ನು ಕಂಡು ನಾವು ಸ್ವಲ್ಪ ಹೆಮ್ಮೆಪಟ್ಟೆವೆಂದು ಒಪ್ಪಿಕೊಳ್ಳುತ್ತೇವೆ.

ಆ ಹೆಮ್ಮೆ ಬಿಡಾರದ ಬಾಗಿಲಿನವರೆಗೆ ಮಾತ್ರ. ಕೊಠಡಿ ದೊರೆಯುವುದು ಮಧ್ಯಾಹ್ನ ಹನ್ನೆರಡಕ್ಕೆ ಎಂದರು. ಊರಿನ ಗಾಡಿ ಬರುವುದು ಬೆಳಗಾಗುವಾಗ, ಕೊಠಡಿ ತೆರೆಯುವುದು ನಡುಹಗಲಿಗೆ. ಈ ಐದಾರು ಗಂಟೆಗಳನ್ನು ಕಳೆಯುವುದೆಲ್ಲಿ ಎಂಬುದನ್ನು ಬಿಡಾರ ಗೊತ್ತುಮಾಡುವಾಗ ಯಾರೂ ಯೋಚಿಸುವುದಿಲ್ಲ. ಕೇರಿಯ ಯೋಗ್ಯತೆ ತಿಳಿಯುವುದು ಆ ಹೊತ್ತಿನಲ್ಲಿಯೇ. ಪೆಟ್ಟಿಗೆಗಳನ್ನು ಅಲ್ಲಿಯೇ ಬಿಟ್ಟು ಬೀದಿಗಿಳಿದೆವು. ಏಳೂವರೆಗೆ ಬಿಸಿ ಇಡ್ಲಿ, ಹಬೆಯಾಡುವ ರಸ, ಹಿತ್ತಾಳೆಯ ಬಟ್ಟಲಿನಲ್ಲಿ ಕಾಫಿ. ಆಮೇಲೆ ಮರಗಳ ನೆರಳಿನಲ್ಲಿಯೇ ನಡೆದು ದಾದರ ಪಾರ್ಸಿ ಕಾಲನಿಯ ಫೈವ್ ಗಾರ್ಡನ್ಸ್ ಎಂಬ ಉದ್ಯಾನಗಳಿಗೆ ಹೋಗಿ, ಬೆಂಚಿನ ಮೇಲೆ ತಾಯಿಯವರನ್ನು ಕೂರಿಸಿದೆವು. ಅವರು ಕುಳಿತಲ್ಲಿಯೇ ಒಂದು ಜೊಂಪು ನಿದ್ದೆ ತೆಗೆದರು. ಫೋರ್ಟಿನಲ್ಲಿ ಆಗಿದ್ದರೆ ಆ ಹೊತ್ತಿನಲ್ಲಿ ಮುಚ್ಚಿದ ಅಂಗಡಿಗಳ ಮೆಟ್ಟಿಲ ಮೇಲೆ ಕುಳಿತಿರಬೇಕಾಗುತ್ತಿತ್ತು.

ಈ ಮರಗಳಿಗೂ ಅಗಲವಾದ ರಸ್ತೆಗಳಿಗೂ ಒಂದು ಕಥೆಯಿದೆ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದಿತು. ಗಾಳಿ ಬೆಳಕಿಲ್ಲದ ಇಕ್ಕಟ್ಟಿನ ಕೇರಿಗಳಲ್ಲಿ ಜನ ಗುಂಪುಗುಂಪಾಗಿ ಸತ್ತರು. ಅದನ್ನು ಕಂಡು ಸರಕಾರವು 1898ರಲ್ಲಿ ನಗರ ಸುಧಾರಣೆಯ ಟ್ರಸ್ಟನ್ನು ಸ್ಥಾಪಿಸಿತು. ದಾದರ ಮಾಟುಂಗಗಳನ್ನು ಆ ಟ್ರಸ್ಟಿನವರು ಮೊದಲೇ ನಕ್ಷೆ ಬರೆದು, ಮನೆಗಳ ನಡುವೆ ಅಂತರ ಬಿಟ್ಟು, ಉದ್ಯಾನಗಳಿಗೆ ಸ್ಥಳವಿರಿಸಿ ಕಟ್ಟಿಸಿದರು. ದಕ್ಷಿಣ ದೇಶದಿಂದ ಗುಮಾಸ್ತೆಗಿರಿಗೂ ಟೈಪುಬರೆಹಕ್ಕೂ ಬಂದ ಜನ ಅಲ್ಲಿ ನೆಲೆಸಿದರು. ಅವರ ಹಿಂದೆಯೇ ಅವರಿಗೆ ಅನ್ನವಿಕ್ಕುವ ನಮ್ಮ ಕರಾವಳಿಯವರು ಬಂದರು. ಮಾಟುಂಗ ನಿಲ್ದಾಣದ ಎದುರಿನ ರಾಮನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರದು. ಮಾರುಕಟ್ಟೆಯ ಕಟ್ಟಡದ ಮಾಳಿಗೆಯಲ್ಲಿದೆ. ಮೆಟ್ಟಿಲು ಹತ್ತುವುದು ತಾಯಿಯವರಿಗೆ ಪ್ರಯಾಸವಾಯಿತು, ಬಾಳೆಯೆಲೆ ಕಂಡೊಡನೆ ಆ ಪ್ರಯಾಸ ಮರೆಯಿತು. ಮೈಸೂರು ಅಸೋಸಿಯೇಷನ್ನೂ ಇದೇ ಮಾಟುಂಗದಲ್ಲಿದೆ. ರೈಲುದಾರಿಯ ಪಶ್ಚಿಮಕ್ಕೆ ಕರ್ನಾಟಕ ಸಂಘವಿದೆ. ಬೀದಿಯಲ್ಲಿ ತಮಿಳು, ಗುಜರಾತಿ, ಮರಾಠಿ, ನಡುನಡುವೆ ಕನ್ನಡ, ತುಳು, ಕೊಂಕಣಿ ಕಿವಿಗೆ ಬೀಳುತ್ತವೆ. ತಾಯಿಯವರಿಗೆ ಹಿಂದಿ ಬಾರದು. ಅವರು ನಮ್ಮ ನೆರವಿಲ್ಲದೆ ಒಬ್ಬರೇ ಹೋಗಿ ಮಲ್ಲಿಗೆ ಕೊಂಡು ತಂದದ್ದು ನಮ್ಮ ಲೆಕ್ಕದಲ್ಲಿ ಸಣ್ಣ ಸಂಗತಿಯಲ್ಲ. ನಿಲ್ದಾಣದ ವಿಷಯವಾಗಿ ಮಗಳು ಓದಿ ತಿಳಿಸಿದ ಸಂಗತಿಯೊಂದುಂಟು: 2017ರಲ್ಲಿ ಮಾಟುಂಗ ನಿಲ್ದಾಣದ ಸಮಸ್ತ ಕೆಲಸವನ್ನೂ ಹೆಂಗಸರ ಕೈಗೆ ಒಪ್ಪಿಸಿದರು, ದೇಶದಲ್ಲಿ ಹಾಗೆ ಮಾಡಿದ ಮೊದಲ ನಿಲ್ದಾಣ ಅದು.

ಗುಣವನ್ನು ಹೇಳಿ ದೋಷವನ್ನು ಮುಚ್ಚಿಡಬಾರದು. ಮಾಟುಂಗದಲ್ಲಿ ವಸತಿಗೃಹಗಳು ಕಡಿಮೆ. ಬಹಳ ಮುಂಚಿತವಾಗಿ ಗೊತ್ತುಮಾಡದಿದ್ದರೆ ದಾದರಿನ ಗದ್ದಲಕ್ಕೆ ಹೋಗಬೇಕಾಗುತ್ತದೆ. ಅಲ್ಲಿ ನಿಲ್ಲುವುದು ನಿಧಾನದ ಲೋಕಲ್ ಗಾಡಿಗಳು. ವೇಗದ ಗಾಡಿ ಬೇಕಾದರೆ ದಾದರಿಗೇ ಹೋಗಬೇಕು. ಕೆಲಸದ ದಿನ ಬೆಳಿಗ್ಗೆ ದಕ್ಷಿಣಕ್ಕೆ ಹೊರಡುವವರು ಆ ಹೆಸರಾಂತ ನೂಕುನುಗ್ಗಲಿನ ಬಾಲವನ್ನಾದರೂ ಹಿಡಿಯಲೇಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಮಳೆಗಾಲದಲ್ಲಿ ಅತ್ತ ಸುಳಿಯಬಾರದು. ಕಿಂಗ್ಸ್ ಸರ್ಕಲಿನ ಬಳಿಯ ಗಾಂಧಿ ಮಾರ್ಕೆಟ್ಟಿನ ಪ್ರದೇಶ ತಗ್ಗಿನಲ್ಲಿದೆ. ದೊಡ್ಡ ಮಳೆ ಬಿದ್ದರೆ ಮೊದಲು ನೀರು ನಿಲ್ಲುವ ಸ್ಥಳಗಳ ಹೆಸರಿನಲ್ಲಿ ಅದು ತಪ್ಪದೆ ಬರುತ್ತದೆ. ಇನ್ನು ಸದ್ದು. ಬೀದಿಯ ಕಡೆಯ ಕೊಠಡಿಗಳಲ್ಲಿ ನಸುಕಿನಿಂದಲೇ ಗಾಡಿಗಳ ಕೂಗಾಟ. ಆದುದರಿಂದ ನಾವು ಹಿತ್ತಲ ಕಡೆಯ ಕೊಠಡಿಯನ್ನೇ ಕೇಳಿ ಪಡೆದಿದ್ದೆವು.

ಭಾನುವಾರ ದಕ್ಷಿಣದ ದರ್ಶನ. ಆ ದಿನ ನೂಕುನುಗ್ಗಲು ಕಡಿಮೆ, ಆದರೆ ದಾರಿಯ ದುರಸ್ತಿಗೆಂದು ಲೋಕಲ್ ಗಾಡಿಗಳನ್ನು ಅಲ್ಲಲ್ಲಿ ಗಂಟೆಗಟ್ಟಲೆ ನಿಲ್ಲಿಸುವುದುಂಟು. ಮುಂಚಿನ ದಿನವೇ ವಿಚಾರಿಸಿಕೊಳ್ಳುವುದು ಲೇಸು. ನಾವು ಟ್ಯಾಕ್ಸಿಯಲ್ಲಿ ದಾದರಿನ ಪಶ್ಚಿಮಕ್ಕೆ ಹೋಗಿ ನೆಲದಡಿಯ ಮೆಟ್ರೋ ಹಿಡಿದೆವು. ಆರೆಯಿಂದ ಕಫ್ ಪರೇಡಿನವರೆಗಿನ ಈ ದಾರಿ 33.5 ಕಿಲೋಮೀಟರು, ಕೊನೆಯ ಭಾಗ ತೆರೆದದ್ದು 2025ರ ಅಕ್ಟೋಬರಿನಲ್ಲಿ. ನಿಲ್ದಾಣಗಳಲ್ಲಿ ಲಿಫ್ಟುಗಳಿವೆ. ಮೊಣಕಾಲು ನೋವಿನ ವೃದ್ಧರನ್ನು ಕರೆದೊಯ್ಯುವವರಿಗೆ ಇದೊಂದು ಹೊಸ ಭಾಗ್ಯ; ಮಾಟುಂಗದಿಂದ ಫೋರ್ಟು ದೂರವೆಂಬ ಹಳೆಯ ಆಕ್ಷೇಪ ಇದರಿಂದ ಮುಕ್ಕಾಲು ಪಾಲು ಹೋಯಿತು. ಹುತಾತ್ಮಾ ಚೌಕದಲ್ಲಿ ಮೇಲಕ್ಕೆ ಬಂದು, ವಸ್ತುಸಂಗ್ರಹಾಲಯದಲ್ಲಿ ಎರಡು ಗಂಟೆ ಕಳೆದು, ಗೇಟ್‌ವೇಯ ಎದುರು ದೋಣಿಗಳನ್ನು ನೋಡುತ್ತ ನಿಂತೆವು. ಘಾರಾಪುರಿಯ ಗುಹೆಗಳಿಗೆ ಅಲ್ಲಿಂದ ಸುಮಾರು ಒಂದು ಗಂಟೆಯ ಕಡಲಯಾನ. ತಾಯಿಯವರಿಗೆ ಅಲ್ಲಿಯ ಮೆಟ್ಟಿಲು ಆಗದು. ಸೋಮವಾರ ಗುಹೆಗಳು ಮುಚ್ಚಿರುತ್ತವೆ. ಹೀಗಾಗಿ ಮಗಳಿಗೆ ಅದು ಈ ಸಲವೂ ತಪ್ಪಿತು. ಅವಳು ಮುಖ ಸಣ್ಣದು ಮಾಡಿಕೊಂಡದ್ದನ್ನು ನಾವು ಗಮನಿಸಲಿಲ್ಲವೆಂದು ನಟಿಸಿದೆವು.

ಸಂಜೆ ಮಾಟುಂಗಕ್ಕೆ ಹಿಂದಿರುಗಿದ ಮೇಲೆ ತಾಯಿಯವರು, “ಮಗಾ, ಇನ್ನು ಅದನ್ನು ಹುಡುಕುವ” ಎಂದರು.

ಹೂವಿನ ಅಂಗಡಿಗಳ ಸಾಲು ತಂದೆಯವರು ಹೇಳಿದಲ್ಲಿಯೇ ಇತ್ತು. ಎದುರಿಗೆ ಹೋಟೆಲಿರಲಿಲ್ಲ, ಸಿದ್ಧ ಉಡುಪುಗಳ ಅಂಗಡಿಯಿತ್ತು. ಅಂಗಡಿಯವರಿಗೆ ಏನೂ ತಿಳಿಯದು. ಸಮೀಪದ ಒಂದು ಉಪಾಹಾರಗೃಹಕ್ಕೆ ಹೋಗಿ ಕಾಫಿ ತರಿಸಿದೆವು. ಗಲ್ಲಾದ ಮೇಲೆ ಕುಳಿತಿದ್ದ ನರೆಗೂದಲಿನವರು ತಾಯಿಯವರ ಮಾತಿಗೆ ಕಿವಿಗೊಟ್ಟು, “ಅಮ್ಮಾ, ನಿಮ್ದ್ ಯಾವೂರಾಯ್ತ್?” ಎಂದು ಕೇಳಿದರು. ಊರಿನ ಹೆಸರು ಹೇಳಿದ್ದೇ ತಡ, ಕುರ್ಚಿ ಬಿಟ್ಟು ಬಂದು ಎದುರಿಗೆ ಕುಳಿತರು. ಆ ಹಳೆಯ ಹೋಟೆಲನ್ನು ಅವರು ಬಲ್ಲರು. ಹುಡುಗರಾಗಿದ್ದಾಗ ಅಲ್ಲಿ ಎರಡು ವರ್ಷ ದುಡಿದವರು.

“ಹಾಗಾದರೆ ಮಾಳಿಗೆಯ ಕೊಠಡಿ ನಿಮಗೆ ಗೊತ್ತಿರಬೇಕು. ಕಿಟಕಿ ರಸ್ತೆಯ ಕಡೆಗಂತೆ. ಇವರು ಮಲಗುತ್ತಿದ್ದದ್ದು ಅಲ್ಲಿ” ಎಂದರು ತಾಯಿಯವರು.

ಆ ಗೃಹಸ್ಥರು ಸ್ವಲ್ಪ ತಡೆದು, “ಮಾಳಿಗೆಯಲ್ಲಿ ಧಣಿಗಳ ಸಂಸಾರವಿತ್ತು, ಅಮ್ಮ. ನಾವು ಹುಡುಗರೆಲ್ಲ ಕೆಳಗೆ. ರಾತ್ರಿ ಬಾಗಿಲು ಹಾಕಿದ ಮೇಲೆ ಮೇಜುಗಳನ್ನು ಜೋಡಿಸಿ ಮಲಗುವುದು; ಹೊಸಬರಾದರೆ ಮೇಜಿನ ಅಡಿಯಲ್ಲಿ. ನಿಮ್ಮ ಯಜಮಾನರ ಕಾಲದಲ್ಲೂ ಹಾಗೆಯೇ ಇದ್ದಿರಬೇಕು” ಎಂದರು. ಆಮೇಲೆ ತಾವು ಹೇಳಬಾರದುದನ್ನು ಹೇಳಿದೆನೇನೋ ಎಂಬಂತೆ ನಮ್ಮ ಮುಖವನ್ನು ನೋಡಿದರು. ಕಾಫಿಯ ಹಣವನ್ನು ಎಷ್ಟು ಹೇಳಿದರೂ ತೆಗೆದುಕೊಳ್ಳಲಿಲ್ಲ.

ದಾರಿಯಲ್ಲಿ ತಾಯಿಯವರು ಮಾತನಾಡಲಿಲ್ಲ. ಬಿಡಾರದ ಮೆಟ್ಟಿಲ ಬಳಿ ನಿಂತು, “ನಲವತ್ತು ವರ್ಷಕ್ಕಿಂತ ಹೆಚ್ಚು ಕಾಲ ಹೇಳಿದರಲ್ಲ, ಕಿಟಕಿ ಕಿಟಕಿ ಎಂದು” ಎಂದರು. ಇನ್ನೂ ಸ್ವಲ್ಪ ತಡೆದು, “ಈ ಮನೆಯಲ್ಲಿ ರಸ್ತೆಯ ಕಡೆಗೆ ಕಿಟಕಿಯಿರುವ ಕೊಠಡಿ ಖಾಲಿಯಿದೆಯೇ ಕೇಳು” ಎಂದರು. ಇತ್ತು. ಸದ್ದಿನ ಕಾರಣದಿಂದ ಅದನ್ನು ಯಾರೂ ಕೇಳುವುದಿಲ್ಲವಂತೆ. ಮ್ಯಾನೇಜರು ಅಚ್ಚರಿಪಡುತ್ತಲೇ ಕೊಠಡಿಯನ್ನು ಬದಲಿಸಿಕೊಟ್ಟರು. ಕಿಟಕಿಯ ಬದಿಯ ಮಂಚವನ್ನು ತಾಯಿಯವರು ತೆಗೆದುಕೊಂಡರು.

ನಸುಕಿನಲ್ಲಿ, ಐದು ಗಂಟೆಯಾಗಿರಬಹುದು, ಗಾಡಿಯೊಂದರ ಸದ್ದಿಗೆ ನಮಗೆ ಎಚ್ಚರವಾಯಿತು. ತಾಯಿಯವರು ಕಿಟಕಿಯ ಸರಳು ಹಿಡಿದು ಕುಳಿತಿದ್ದರು. ಕೆಳಗೆ ಹೂವಿನ ಮೂಟೆಗಳನ್ನು ಇಳಿಸುತ್ತಿದ್ದರು; ಯಾವುದೋ ಹೋಟೆಲಿನ ಬಾಗಿಲು ಅರ್ಧ ತೆರೆದು ಬೆಳಕು ರಸ್ತೆಗೆ ಬಿದ್ದಿತ್ತು; ಹುಡುಗನೊಬ್ಬನು ಬಕೆಟ್ಟಿನಿಂದ ಮೆಟ್ಟಿಲಿಗೆ ನೀರು ಹೊಯ್ಯುತ್ತಿದ್ದನು.

“ನಿದ್ದೆ ಬರಲಿಲ್ಲವೇ ಅಮ್ಮ?”

“ಬಂತು ಮಗಾ. ಈಗಷ್ಟೇ ಎದ್ದೆ.”

ಮನೆಯಾಕೆಯೂ ಎದ್ದಿದ್ದಳೆಂದು ನಮಗೆ ತಿಳಿದಿರಲಿಲ್ಲ. ಆಕೆ ಎದ್ದು ಅತ್ತೆಯವರಿಗೆ ಶಾಲು ಹೊದಿಸಿ, ಸ್ವಲ್ಪ ಹೊತ್ತು ತಾನೂ ಆ ಮಂಚದ ತುದಿಯಲ್ಲಿ ಕುಳಿತಳು. ಆಮೇಲೆ ನಮ್ಮ ಕಡೆಗೆ ತಿರುಗಿ, “ಗಿರಗಾಂವದ ಕೊಠಡಿ ಬೇಡವೆಂದು ತಿಳಿಸಿಬಿಡಿ. ಸಂಜೆ ಚೌಪಾಟಿಗೆ ಹೋಗಿ ಬಂದರಾಯಿತು” ಎಂದಳು. ಮಗಳನ್ನು ಒಪ್ಪಿಸುವುದಕ್ಕೆ ಭೇಲ್‌ಪುರಿಯೂ ಕುಲ್ಫಿಯೂ ಬೇಕಾದುವು. ಆ ದಿನ ಸಂಜೆ ಮಾಟುಂಗ ರೋಡಿನಿಂದ ಚರ್ನಿ ರೋಡಿಗೆ, ಜನಪ್ರವಾಹಕ್ಕೆ ಎದುರಾಗಿ, ಖಾಲಿ ಗಾಡಿಯಲ್ಲಿ ಕುಳಿತೇ ಹೋದೆವು. ಗಿರಗಾಂವದವರು ಮುಂಗಡದಲ್ಲಿ ಅರ್ಧವನ್ನು ಹಿಂದಕ್ಕೆ ಕೊಡಲಿಲ್ಲ.